ನೊಣಗಳನ್ನು ಕಂಪ್ಯೂಟರ್‌ನಲ್ಲಿ ಸಾಕಿದ್ದು

ಗಣಿತದ ಕಾಟ ತಪ್ಪಲಿ ಅಂತಲೇ ಜೀವಶಾಸ್ತ್ರ ಹಿಡಿದವರು ಬೇಕಾದಷ್ಟಿದ್ದಾರೆ, ನಾನೂ ಆ ಪೈಕಿ. ಮೈಸೂರಿನಲ್ಲಿ ನನ್ನ ಡ್ರೊಸೊಫಿಲಾ (ಹಣ್ಣಿನ ನೊಣ) ಕೆಲಸ ಅಂದರೆ ಗೋಧಿ ರವೆ, ಬೆಲ್ಲ, ಅಗಾರ್ ಕುದಿಸಿ ಬಾಟಲಿಗೆ ಸುರಿಯೋದು, ಆರಿದ ಮೇಲೆ ಯೀಸ್ಟ್ ಹಾಕಿ ನೊಣ ಬಿಡೋದು, ಮತ್ತೆ ಎಣಿಸೋದು. ಸಿಮ್ಯುಲೇಶನ್ ಕಡೆಗೆ, ಅಂದರೆ ಇದನ್ನೇ ಕಂಪ್ಯೂಟರ್‌ನಲ್ಲಿ ಅನುಕರಿಸುವ ಕಡೆಗೆ, ಎಳೆದದ್ದು ಒಂದು ಸಣ್ಣ ಅನುಮಾನ. ಪ್ರತಿ ತಲೆಮಾರಿಗೂ ಹಳೇ ಬಾಟಲಿಯಿಂದ ಹೊಸದಕ್ಕೆ ಎಷ್ಟು ನೊಣ ದಾಟಿಸಿದರೆ ಸಾಕು? ಕಡಿಮೆಯಾದರೆ ಕೆಲವು ಅಲೀಲ್‌ಗಳು (ಒಂದೇ ಜೀನಿನ ಬೇರೆ ಬೇರೆ ರೂಪಗಳು) ಯಾವ ದೋಷವೂ ಇಲ್ಲದೆ, ಬರೀ ಅದೃಷ್ಟದ ಆಟದಲ್ಲಿ ಕಳೆದುಹೋಗುತ್ತವೆ. ಈ ಜೆನೆಟಿಕ್ ಡ್ರಿಫ್ಟ್‌ನ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಆದರೆ ಬಾಟಲಿಯೊಳಗೆ ಅದು ಹೇಗೆ ನಡೆಯುತ್ತೆ ಅನ್ನೋದು ತಲೆಗಿಳಿದಿರಲಿಲ್ಲ.

"ಉತ್ತರ ಗೊತ್ತಿರೋ ಪ್ರಯೋಗದಿಂದ ಶುರು ಮಾಡು. ಇಲ್ಲದಿದ್ರೆ ಕಂಪ್ಯೂಟರ್ ಹೇಳಿದ್ದೆಲ್ಲ ನಿಜ ಅನ್ಸುತ್ತೆ" ಅಂದರು ಲ್ಯಾಬಿನ ಸೀನಿಯರ್ ಅಕ್ಕ. ಹಾಗೆ ಆರಿಸಿಕೊಂಡದ್ದು ಪೀಟರ್ ಬ್ಯೂರಿ 1956ರಲ್ಲಿ ಪ್ರಕಟಿಸಿದ ಪ್ರಯೋಗ. ಡ್ರೊಸೊಫಿಲಾದ 107 ಪುಟ್ಟ ಗುಂಪುಗಳು, ಒಂದೊಂದರಲ್ಲೂ 8 ಗಂಡು, 8 ಹೆಣ್ಣು. ಬ್ರೌನ್ ಜೀನಿನ ಒಂದು ಅಲೀಲ್ ಶುರುವಿನಲ್ಲಿ ಎಲ್ಲ ಕಡೆಯೂ ಶೇ. 50. ಆ ಅಲೀಲ್‌ನ ಎರಡು ಪ್ರತಿ ಇರುವ, ಒಂದೇ ಇರುವ, ಒಂದೂ ಇಲ್ಲದ ನೊಣಗಳ ಕಣ್ಣಿನ ಬಣ್ಣ ಬೇರೆ ಬೇರೆ, ಹಾಗಾಗಿ ಕಣ್ಣು ನೋಡಿಯೇ ಲೆಕ್ಕ ಹಾಕಬಹುದು. 19 ತಲೆಮಾರು ಕಳೆದಾಗ 30 ಗುಂಪುಗಳಲ್ಲಿ ಅದು ಮಾಯವಾಗಿತ್ತು, 28 ಗುಂಪುಗಳಲ್ಲಿ ಅದೊಂದೇ ಉಳಿದಿತ್ತು.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಹತ್ತು ಹದಿನೈದು ಸಾಲಿನ ಕೆಲಸ. 16 ನೊಣ ಅಂದರೆ ಜೀನಿನ 32 ಪ್ರತಿ. ಈಗಿನ ಪ್ರಮಾಣವನ್ನು ನಮ್‌ಪೈ ಅನ್ನೋ ಅದರ ಲೆಕ್ಕದ ಲೈಬ್ರರಿಯ ಬೈನಾಮಿಯಲ್ ಫಂಕ್ಷನ್‌ಗೆ ಕೊಟ್ಟು 32 ಸಲ ನಾಣ್ಯ ಚಿಮ್ಮಿಸಬೇಕು. ಬಂದ ಸಂಖ್ಯೆಯನ್ನು 32ರಿಂದ ಭಾಗಿಸಿದರೆ ಮುಂದಿನ ತಲೆಮಾರಿನ ಪ್ರಮಾಣ ಸಿಕ್ಕಿತು. ಸೊನ್ನೆಯನ್ನೋ ಒಂದನ್ನೋ ಮುಟ್ಟಿದ ಗುಂಪಿಗೆ ವಾಪಸ್ ಬರೋ ದಾರಿಯಿಲ್ಲ. ಓಡಿಸಿದ ಮೇಲೆ ಎರಡು ತಪಾಸಣೆ ಮಾಡಿದೆ: ಎಲ್ಲ ಗುಂಪುಗಳ ಸರಾಸರಿ 0.5ರ ಹತ್ತಿರವೇ ನಿಂತಿದೆಯಾ, ಹೆಟೆರೊಜೈಗೋಸಿಟಿ (ಎರಡು ಬೇರೆ ಅಲೀಲ್ ಇರುವ ನೊಣಗಳ ಪಾಲು) ತಲೆಮಾರಿಗೆ 32ರಲ್ಲಿ ಒಂದು ಪಾಲಿನಂತೆ ಇಳಿಯುತ್ತಿದೆಯಾ. ಎರಡೂ ಸರಿಯಿದ್ದವು. ರ‍್ಯಾಂಡಮ್ ಸೀಡ್ (ಕಂಪ್ಯೂಟರ್‌ನ ನಾಣ್ಯದಾಟ ಯಾವ ಸಂಖ್ಯೆಯಿಂದ ಶುರುವಾಗುತ್ತೋ ಅದು) ಬರೆದಿಟ್ಟುಕೊಳ್ಳೋದನ್ನು ಮಾತ್ರ ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮದೇ ಗ್ರಾಫ್ ಮತ್ತೆ ನಿಮಗೇ ಸಿಗೋದಿಲ್ಲ.

ಆದರೆ ನನ್ನ ಕಂಪ್ಯೂಟರ್ ನೊಣಗಳಲ್ಲಿ 19ನೇ ತಲೆಮಾರಿಗೆ ಒಂದೇ ಅಲೀಲ್ ಉಳಿದ ಗುಂಪುಗಳು ಇಪ್ಪತ್ತರ ಆಸುಪಾಸು ಮಾತ್ರ. ಬ್ಯೂರಿಗೆ ಸಿಕ್ಕಿದ್ದು 58. ಸೀಡ್ ಬದಲಿಸಿ ಸಾವಿರ ಸಲ ಓಡಿಸಿದರೂ 58ರ ಹತ್ತಿರ ಸುಳಿಯಲಿಲ್ಲ.

ಕಲಿಕೆ ಶುರುವಾದದ್ದು ಅಲ್ಲಿಂದ. ನನ್ನ ಕೋಡ್‌ನಲ್ಲಿ ಹದಿನಾರೂ ನೊಣಗಳಿಗೆ ತಂದೆತಾಯಿಯಾಗುವ ಅವಕಾಶ ಸಮಾನ. ನಿಜವಾದ ಬಾಟಲಿಯಲ್ಲಿ ಒಂದು ಹೆಣ್ಣು ರಾಶಿ ಮೊಟ್ಟೆಯಿಡುತ್ತೆ, ಇನ್ನೊಂದು ಬಾಟಲಿಯ ಆಹಾರಕ್ಕೆ ಅಂಟಿಕೊಂಡು ಸಾಯುತ್ತೆ, ಕೆಲವು ಗಂಡುಗಳಿಗೆ ಜೋಡಿಯೇ ಸಿಗಲ್ಲ. 16ರ ಜಾಗದಲ್ಲಿ 8, 9 ಹಾಕಿ ನೋಡಿದಾಗ ಸಂಖ್ಯೆ ಐವತ್ತು ದಾಟಿತು. ಎಫೆಕ್ಟಿವ್ ಪಾಪ್ಯುಲೇಶನ್ ಸೈಜ್ (ಡ್ರಿಫ್ಟ್‌ನ ಲೆಕ್ಕದಲ್ಲಿ ಒಂದು ಗುಂಪು ಎಷ್ಟು ನೊಣಗಳಿಗೆ ಸಮ ಅನ್ನೋ ಸಂಖ್ಯೆ) ಅನ್ನೋದು ನನಗೆ ಆವತ್ತು ಅರ್ಥವಾಯಿತು. ಸಿಮ್ಯುಲೇಶನ್ ಪ್ರಯೋಗಕ್ಕೆ ಹೊಂದಿಬಿಟ್ಟಿದ್ದರೆ ಗ್ರಾಫ್ ಅಂಟಿಸಿ ಮುಂದಕ್ಕೆ ಹೋಗುತ್ತಿದ್ದೆ, ಅಷ್ಟೆ.

ಆಮೇಲೆ ನಮ್ಮ ಬಾಟಲಿಗಳ ಲೆಕ್ಕಕ್ಕೆ ಬಂದೆ. ಒಂಬತ್ತು ತಲೆಮಾರು 100 ನೊಣ ದಾಟಿಸಿ, ಒಂದೇ ಒಂದು ಸಲ 4 ದಾಟಿಸಿದರೆ ಸಾಮಾನ್ಯ ಸರಾಸರಿ 90. ಡ್ರಿಫ್ಟ್ ಒಪ್ಪೋದು ಚಿಕ್ಕ ಸಂಖ್ಯೆಗಳಿಗೇ ಹೆಚ್ಚು ತೂಕ ಕೊಡುವ ಹಾರ್ಮೋನಿಕ್ ಸರಾಸರಿಯನ್ನು, ಅದು ಬರೀ 29. ದಸರಾ ರಜೆಯಲ್ಲಿ ಬಾಟಲಿ ಸೊರಗಿದಾಗ ಉಳಿದ ನಾಲ್ಕರಿಂದಲೇ ಸ್ಟಾಕ್ ಮುಂದುವರಿಸಿದರೆ, ಆಮೇಲೆ ನೂರಾರು ಮರಿ ಹುಟ್ಟಿದರೂ ಕಳೆದ ವೈವಿಧ್ಯ ವಾಪಸ್ ಬರಲ್ಲ. ಈಗ ಲೇಬಲ್ ಮೇಲೆ ದಿನಾಂಕದ ಜೊತೆಗೆ ದಾಟಿಸಿದ ಗಂಡು, ಹೆಣ್ಣುಗಳ ಸಂಖ್ಯೆಯನ್ನೂ ಬರೆಯುತ್ತೇವೆ. 2 ಗಂಡು, 14 ಹೆಣ್ಣು ಇದ್ದರೆ ಒಟ್ಟು 16 ಆದರೂ, ಮರಿಗಳ ಅರ್ಧ ಜೀನು ಆ ಎರಡೇ ಗಂಡುಗಳಿಂದ ಬರೋದರಿಂದ, ಎಫೆಕ್ಟಿವ್ ಸೈಜ್ 7 ಮಾತ್ರ.

ಅದರಲ್ಲೂ ಒಂದು ತೊಡಕಿದೆ. ಡ್ರೊಸೊಫಿಲಾ ಹೆಣ್ಣು ವೀರ್ಯವನ್ನು ಕೂಡಿಟ್ಟುಕೊಳ್ಳುತ್ತೆ, ಹಾಗಾಗಿ ಹಳೇ ಬಾಟಲಿಯಲ್ಲೇ ಉಳಿದ ಗಂಡಿನ ಮರಿಗಳು ಹೊಸ ಬಾಟಲಿಯಲ್ಲಿ ಹುಟ್ಟಬಹುದು. ಇದು ನನ್ನ ಹದಿನೈದು ಸಾಲಿನ ಕೋಡ್‌ಗೆ ನಿಲುಕಲ್ಲ. ಅದಕ್ಕೇ ಈಗ ಒಂದೊಂದು ಜೀವಿಯನ್ನೂ ಬೇರೆಯಾಗಿ ನಡೆಸುವ ಸ್ಲಿಮ್ ಅನ್ನೋ ಉಚಿತ ತಂತ್ರಾಂಶ ಕಲಿಯುತ್ತಿದ್ದೇನೆ. ಅದರಲ್ಲೂ ಮೊದಲು ಓಡಿಸಿದ್ದು ಬ್ಯೂರಿಯ 107 ಗುಂಪುಗಳನ್ನೇ.