ಒಂದೇ ವೇಗ, ಏರುವ ಎದೆಬಡಿತ: ದೀರ್ಘ ಓಟದ ನನ್ನ ಅನುಭವ

ನಲವತ್ತು ದಾಟಿದ ಮೇಲೆ ಓಡಲು ತೊಡಗಿದ ನನ್ನನ್ನು ಮೊದಲ ವರ್ಷವಿಡೀ ಕಾಡಿದ್ದು ಕೈಗಡಿಯಾರ ತೋರಿಸುತ್ತಿದ್ದ ಎದೆಬಡಿತದ ಸಂಖ್ಯೆ. ವಾರಕ್ಕೊಮ್ಮೆ ಸಮತಟ್ಟಾದ ದಾರಿಯಲ್ಲಿ, ಒಂದೇ ವೇಗದಲ್ಲಿ ಎರಡು ಗಂಟೆ ಓಡುತ್ತಿದ್ದೆ. ಇಪ್ಪತ್ತನೆಯ ನಿಮಿಷಕ್ಕೆ 138 ಇದ್ದ ಬಡಿತ ಕೊನೆಯ ಅರ್ಧ ಗಂಟೆಯಲ್ಲಿ 156ಕ್ಕೆ ಮುಟ್ಟುತ್ತಿತ್ತು. ಹೃದಯಕ್ಕೆ ಕಸುವು ಸಾಲದೆಂದು ನಾನೇ ತೀರ್ಮಾನಿಸಿ, ವಾರಕ್ಕೆ ಮೂರು ದಿನ ಏದುಸಿರು ಬರುವಂತೆ ಓಡಿದೆ. ಎರಡು ತಿಂಗಳಲ್ಲಿ ಮೀನಖಂಡದ ನೋವು ಹಾಸಿಗೆ ಹಿಡಿಸಿತೇ ಹೊರತು ಆ ಏರಿಕೆ ಕಿಂಚಿತ್ತೂ ತಗ್ಗಲಿಲ್ಲ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿದ್ದು ಬೆವರನ್ನು. ಓಟ ಮುಂದುವರಿದಂತೆ ಬೆವರಿನೊಂದಿಗೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಕುಗ್ಗುತ್ತದೆ. ಮೈಯ ಬಿಸಿಯನ್ನು ಹೊರಹಾಕಲು ರಕ್ತದ ಒಂದು ಪಾಲು ಚರ್ಮದತ್ತ ಹರಿಯುತ್ತದೆ. ಹೀಗಾಗಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಒಂದೊಂದು ಬಡಿತದಲ್ಲಿ ಹೊರಬೀಳುವ ಪ್ರಮಾಣವೂ ತಗ್ಗುತ್ತದೆ. ಸ್ನಾಯುಗಳ ಬೇಡಿಕೆ ಮಾತ್ರ ಹಾಗೆಯೇ ಇರುವುದರಿಂದ, ಹೃದಯ ಆ ಕೊರತೆಯನ್ನು ಬಡಿತ ಹೆಚ್ಚಿಸಿ ತುಂಬಿಕೊಳ್ಳುತ್ತದೆ. ಮೈ ಬಿಸಿಯೇರುವುದೇ ಬಡಿತವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿಕೊಂಡಾಗ 1.6 ಕಿಲೋಗ್ರಾಂ ಇಳಿದಿತ್ತು. ನಸುಕಿನ ತಂಪಿನಲ್ಲಿ ಓಡುತ್ತ, ಕಾಲು ಗಂಟೆಗೊಮ್ಮೆ ಕೆಲವು ಗುಟುಕು ನೀರು ಕುಡಿಯತೊಡಗಿದ ಮೇಲೆ ಕೊನೆಯ ಸಂಖ್ಯೆ 147ರ ಆಸುಪಾಸಿನಲ್ಲಿ ನಿಂತಿತು. ಏರಿಕೆ ಪೂರ್ತಿ ಅಳಿಯಲಿಲ್ಲ, ಅಳಿಯಬೇಕಾಗಿಯೂ ಇಲ್ಲ.

ಇದಕ್ಕೆ ವ್ಯತಿರಿಕ್ತವಾದ ಪಾಠ ಸಿಕ್ಕಿದ್ದು ಮೊದಲ ಸಲ 32 ಕಿಲೋಮೀಟರ್ ಓಡಲು ಹೊರಟ ದಿನ. 28ನೆಯ ಕಿಲೋಮೀಟರಿನಲ್ಲಿ ತೊಡೆಗಳು ಕೊರಡಿನಂತಾದವು. ಗಡಿಯಾರ ನೋಡಿದರೆ ಬಡಿತ 141ಕ್ಕೆ ಇಳಿದಿತ್ತು. ಹೃದಯ ಇನ್ನೂ ದುಡಿಯಲು ಸಿದ್ಧವಿದ್ದರೂ ಕಾಲುಗಳಲ್ಲಿ ಉರುವಲು ಮುಗಿದಿತ್ತು. ಮೈ ಕೂಡಿಡುವ ಸಕ್ಕರೆಯ ರೂಪವಾದ ಗ್ಲೈಕೋಜನ್ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಬಿರುಸಿನ ಓಟಕ್ಕೆ ಅದು ಎರಡು, ಎರಡೂವರೆ ಗಂಟೆಯಲ್ಲಿ ಬರಿದಾಗಬಹುದು. ಕೊಬ್ಬು ಬೇಕಾದಷ್ಟಿದ್ದರೂ ಅದರಿಂದ ಶಕ್ತಿ ಸಿಗುವುದು ನಿಧಾನ. ಉಳಿದ ನಾಲ್ಕು ಕಿಲೋಮೀಟರನ್ನು ನಡೆದೇ ಮುಗಿಸಿದೆ.

ಆ ಮಿತಿಯನ್ನು ಹಿಂದಕ್ಕೆ ತಳ್ಳಿದ್ದು ಮಾತಾಡುತ್ತ ಓಡಬಹುದಾದ ನಿಧಾನ ಗತಿಯ ದೀರ್ಘ ಓಟಗಳು. ತಿಂಗಳುಗಟ್ಟಲೆ ಹೀಗೆ ಓಡಿದರೆ ಸ್ನಾಯುಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ನಾರುಗಳ ಸುತ್ತ ಸೂಕ್ಷ್ಮ ರಕ್ತನಾಳಗಳು ದಟ್ಟವಾಗುತ್ತವೆ, ಅದೇ ವೇಗಕ್ಕೆ ಕೊಬ್ಬಿನ ಪಾಲು ಹೆಚ್ಚಿ ಗ್ಲೈಕೋಜನ್ ಉಳಿತಾಯವಾಗುತ್ತದೆ. ಅಮೆರಿಕದ ವಿಜ್ಞಾನಿ ಜಾನ್ ಹೊಲೊಸ್ಜಿ ಟ್ರೆಡ್‌ಮಿಲ್ ಮೇಲೆ ಇಲಿಗಳನ್ನು ಓಡಿಸಿ ಸ್ನಾಯುಗಳ ಈ ಸಾಮರ್ಥ್ಯ ಹೆಚ್ಚುವುದನ್ನು 1967ರಲ್ಲೇ ತೋರಿಸಿದ್ದರು. ನಿಧಾನವಾಗಿ ಓಡುವುದು ನನ್ನ ಅಹಂಕಾರಕ್ಕೆ ಒಗ್ಗಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಹೃದಯದ ಬದಲಾವಣೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಒಂದೆರಡು ವಾರಗಳಲ್ಲೇ ಪ್ಲಾಸ್ಮಾ ಹೆಚ್ಚುವುದರಿಂದ ಬಡಿತ ತುಸು ತಗ್ಗುತ್ತದೆ. ರಕ್ತವನ್ನು ಮೈಗೆಲ್ಲ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯ ಒಳಗಿನ ಜಾಗ ಹಿಗ್ಗಿ, ಒಂದೊಂದು ಬಡಿತದಲ್ಲೂ ಹೆಚ್ಚು ರಕ್ತ ಹೊರಬೀಳುವುದಕ್ಕೆ ತಿಂಗಳುಗಳೇ ಬೇಕು. ದೂರದ ಸ್ಕೀ ಓಟಗಾರರ ಹೃದಯ ದೊಡ್ಡದಾಗಿರುವುದನ್ನು ಸ್ವೀಡನ್ನಿನ ವೈದ್ಯ ಹೆನ್ಶೆನ್ 1899ರಲ್ಲಿ ಎದೆಯನ್ನು ತಟ್ಟಿಯೇ ಗುರುತಿಸಿದ್ದರು. ಬೆಳಿಗ್ಗೆ ಎಚ್ಚರವಾದೊಡನೆ ಎಣಿಸುತ್ತಿದ್ದ ನನ್ನ ನಾಡಿ ಒಂದೂವರೆ ವರ್ಷದಲ್ಲಿ 72ರಿಂದ 56ಕ್ಕೆ ಇಳಿಯಿತು, ಇಸಿಜಿ ನೋಡಿದ ವೈದ್ಯರ ಮೊದಲ ಪ್ರಶ್ನೆ, "ನೀವು ಓಡುತ್ತೀರಾ?" ಎಂಬುದಾಗಿತ್ತು. ಎದೆನೋವು, ತಲೆಸುತ್ತು ಅಥವಾ ತಾಳ ತಪ್ಪಿದ ಬಡಿತ ಕಾಣಿಸಿಕೊಂಡರೆ ಅದನ್ನು ಅಭ್ಯಾಸದ ಫಲವೆಂದು ಭಾವಿಸದೆ ತಪಾಸಣೆ ಮಾಡಿಸಲೇಬೇಕು.

ಈಗ ದೀರ್ಘ ಓಟ ಮುಗಿದೊಡನೆ ಇಳಿದ ತೂಕವನ್ನೂ ಕೊನೆಯ ಅರ್ಧ ಗಂಟೆಯ ಬಡಿತವನ್ನೂ ಅಕ್ಕಪಕ್ಕ ಬರೆದಿಡುತ್ತೇನೆ. ಬಡಿತ ಏರಿದ್ದರೆ ಮುಂದಿನ ವಾರ ನೀರಿನ ಬಾಟಲಿ ದೊಡ್ಡದಾಗುತ್ತದೆ. ಕಾಲು ಸೋತು ಬಡಿತವೂ ಇಳಿದಿದ್ದರೆ ಮೊದಲ ಹತ್ತು ಕಿಲೋಮೀಟರಿನ ವೇಗವನ್ನು ತಗ್ಗಿಸುತ್ತೇನೆ.