ಬಿಟರ್‌ಬ್ಲ್ಯಾಕ್ ದ್ವೀಪ: ಡಾರ್ಕ್ ಅರಿಸನ್ ನಾನು ಆಡಿದ ರೀತಿ

ಡ್ರ್ಯಾಗನ್ಸ್ ಡಾಗ್ಮಾ ಎಂಬ ವಿಡಿಯೊ ಗೇಮ್ ಮೊದಲು ಬಂದದ್ದು 2012ರ ಮೇ ತಿಂಗಳಲ್ಲಿ. ಒಂದು ವರ್ಷ ತುಂಬುವ ಮೊದಲೇ, 2013ರ ಏಪ್ರಿಲ್‌ನಲ್ಲಿ, ಅದನ್ನು ಮಾಡಿದ ಕ್ಯಾಪ್‌ಕಾಮ್ ಕಂಪನಿ ಅದನ್ನೇ ‘ಡಾರ್ಕ್ ಅರಿಸನ್’ ಎಂಬ ಹೆಸರಲ್ಲಿ ಮತ್ತೆ ಬಿಟ್ಟಿತು. ಹಳೇ ಆಟ ಪೂರ್ತಿ ಅದರೊಳಗೇ ಇದೆ, ಜೊತೆಗೆ ಬಿಟರ್‌ಬ್ಲ್ಯಾಕ್ ಎಂಬ ಹೊಸ ದ್ವೀಪ. ನಾನು ಆಡಿದ್ದು 2016ರ ಜನವರಿಯಲ್ಲಿ ಬಂದ ಪಿಸಿ ಆವೃತ್ತಿಯನ್ನು. ಹಾಗಾಗಿ ಹಳೆಯದು, ಹೊಸದು ಎರಡೂ ಒಟ್ಟಿಗೇ ಕೈಗೆ ಸಿಕ್ಕವು. ಆದರೂ ಆಡುತ್ತಾ ಹೋದಂತೆ ಎರಡಕ್ಕೂ ನಡುವಿನ ಗೆರೆ ಚೆನ್ನಾಗಿ ಕಾಣುತ್ತದೆ.

ಇಂಥ ಮರುಬಿಡುಗಡೆ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಗಂಟೆ ಜಾಸ್ತಿ ಆಟ ಸಿಗುತ್ತದೆ, ಎಷ್ಟು ಹೊಸ ಆಯುಧ? ನನಗೆ ಮುಖ್ಯವಾದದ್ದು ಬೇರೆ. ಮೂಲ ಆಟದಲ್ಲಿ ಒಳ್ಳೊಳ್ಳೆ ನಿಯಮಗಳಿದ್ದವು, ಅವುಗಳಿಗೆ ಸರಿಯಾದ ಕೆಲಸ ಇರಲಿಲ್ಲ. ಬಿಟರ್‌ಬ್ಲ್ಯಾಕ್ ದ್ವೀಪ ಆ ಕೆಲಸ ಕೊಟ್ಟಿತು.

ಲಾಟೀನನ್ನೇ ತೆಗೆದುಕೊಳ್ಳಿ. ಈ ಆಟದಲ್ಲಿ ಲಾಟೀನಿಗೆ ಎಣ್ಣೆ ಬೇಕು, ನೀರಿಗಿಳಿದರೆ ಅದು ಆರುತ್ತದೆ. ಹೊತ್ತ ಸಾಮಾನಿನ ತೂಕ ಜಾಸ್ತಿಯಾದರೆ ಓಟ ನಿಧಾನವಾಗುತ್ತದೆ, ಸ್ಟ್ಯಾಮಿನಾ ಬೇಗ ಖಾಲಿಯಾಗುತ್ತದೆ. ಪಾತ್ರದ ಮೈಕಟ್ಟಿಗೂ ಲೆಕ್ಕವಿದೆ: ದೊಡ್ಡ ಆಳು ಹೆಚ್ಚು ಹೊರುತ್ತಾನೆ, ಚಿಕ್ಕವನಿಗೆ ದಮ್ಮು ಬೇಗ ವಾಪಸ್ ಬರುತ್ತದೆ. ಮಾಂಸ, ಹಣ್ಣು ಚೀಲದಲ್ಲೇ ಕೊಳೆಯುತ್ತವೆ. ಮೂಲ ಆಟ ನಡೆಯುವ ಗ್ರಾನ್ಸಿಸ್ ನಾಡಿನಲ್ಲಿ ಮೊದಲ ಕೆಲವು ರಾತ್ರಿ ಇದೆಲ್ಲ ಭಯ ಹುಟ್ಟಿಸುತ್ತದೆ. ಆಮೇಲೆ ಲೆವೆಲ್ ಏರಿದಂತೆ ಮರೆತೇ ಹೋಗುತ್ತದೆ. ಊರು ಹತ್ತಿರ, ಅಂಗಡಿ ಹತ್ತಿರ, ಎದುರಿಗೆ ಬರುವುದು ಅದೇ ಗಾಬ್ಲಿನ್‌ಗಳು. ದ್ವೀಪದಲ್ಲಿ ಹಾಗಲ್ಲ. ಕೆಳಗಿಳಿದಷ್ಟೂ ಕತ್ತಲು, ಎದುರಿಗೆ ಏನು ಬರುತ್ತದೋ ಗೊತ್ತಿಲ್ಲ. ಪ್ರತಿ ಬಾಟಲಿ, ಪ್ರತಿ ಬಾಣ ಹೊರುವ ಮುಂಚೆ ಯೋಚಿಸಬೇಕು.

ದ್ವೀಪಕ್ಕೆ ಹೋಗುವ ದಾರಿ ಸುಲಭ. ಕಸಾರ್ಡಿಸ್ ಹಳ್ಳಿಯ ಕಡಲ ಕಟ್ಟೆ ಮೇಲೆ ರಾತ್ರಿ ಹೊತ್ತು ಓಲ್ರಾ ಎಂಬ ಹೆಂಗಸು ನಿಂತಿರುತ್ತಾಳೆ. ಮಾತಾಡಿಸಿದರೆ ಸಾಕು, ಕರೆದುಕೊಂಡು ಹೋಗುತ್ತಾಳೆ. ಡಾರ್ಕ್ ಸೋಲ್ಸ್ ಆಟಕ್ಕೆ ಸೇರಿಸಿದ ಭಾಗದಲ್ಲಿ ಬಾಗಿಲು ಹುಡುಕುವುದೇ ಒಂದು ಪರೀಕ್ಷೆಯಾಗಿತ್ತು, ಮುರಿದ ಪದಕ ಒಂದನ್ನು ಸಂಪಾದಿಸಿಕೊಂಡು ಬರಬೇಕಿತ್ತು. ಇಲ್ಲಿ ಬಾಗಿಲು ತೆರೆದೇ ಇದೆ, ಕತೆ ಇನ್ನೂ ಕಣ್ಣು ಬಿಡುವ ಮೊದಲೇ. ಅದು ಒಳ್ಳೆಯದೂ ಹೌದು, ಅಪಾಯವೂ ಹೌದು. ಹೊಸಬರು ಲೆವೆಲ್ ಹದಿನೈದಕ್ಕೇ ಹೋಗಿ ಒಂದೇ ಏಟಿಗೆ ಸಾಯುತ್ತಾರೆ. ಬೇಗ ಹೋಗಿ ಹೇಗೋ ಒಂದು ಒಳ್ಳೇ ಕತ್ತಿ ಎತ್ತಿಕೊಂಡು ಬಂದವರಿಗೆ ಇನ್ನೊಂದು ನಷ್ಟ: ಗ್ರಾನ್ಸಿಸ್ ಪೂರ್ತಿ ಸಪ್ಪೆಯಾಗುತ್ತದೆ.

ಹಾಗಾಗಿ ನಾನು ಮುಖ್ಯ ಕತೆಯ ಡ್ರ್ಯಾಗನ್ ಗ್ರಿಗೋರಿಯನ್ನು ಗ್ರಾನ್ಸಿಸ್‌ನಲ್ಲೇ ಸಿಕ್ಕ ಆಯುಧಗಳಿಂದ ಮುಗಿಸಿದೆ. ಆಮೇಲೇ ಓಲ್ರಾಳನ್ನು ಹುಡುಕಿಕೊಂಡು ಹೋದದ್ದು. ಆ ಹೊತ್ತಿಗೆ ಲೆವೆಲ್ ಐವತ್ತರ ಆಸುಪಾಸಿನಲ್ಲಿದ್ದೆ. ಯಾರಾದರೂ ಕೇಳಿದರೆ ಈಗಲೂ ಇದೇ ಕ್ರಮ ಹೇಳುತ್ತೇನೆ.

ಇದೇ ಕಾರಣಕ್ಕೆ ಎಟರ್ನಲ್ ಫೆರಿಸ್ಟೋನ್ ಬಗ್ಗೆ ಹೇಳಬೇಕು. ಫೆರಿಸ್ಟೋನ್ ಅಂದರೆ ಒಂದು ಜಾಗದಿಂದ ಇನ್ನೊಂದಕ್ಕೆ ಥಟ್ಟನೆ ಕರೆದೊಯ್ಯುವ ಕಲ್ಲು. ಮೂಲ ಆಟದಲ್ಲಿ ಅದು ದುಬಾರಿ, ಒಂದು ಸಲ ಬಳಸಿದರೆ ಮುಗಿಯಿತು. ಡಾರ್ಕ್ ಅರಿಸನ್‌ನಲ್ಲಿ ಎಂದೂ ಮುಗಿಯದ ಒಂದು ಕಲ್ಲು ಸಿಗುತ್ತದೆ. 2013ರಲ್ಲಿ ಅದು ಹಳೇ ಆಟದ ಸೇವ್ ಇದ್ದವರಿಗೆ ಮಾತ್ರ ಸಿಕ್ಕಿತ್ತು. ಪಿಸಿಯಲ್ಲಿ ಎಲ್ಲರಿಗೂ ಸಿಗುತ್ತದೆ, ಶುರುವಿನಿಂದಲೇ ಸಾಮಾನು ಕೋಣೆಯಲ್ಲಿ ಕಾಯುತ್ತಿರುತ್ತದೆ. ಎಲ್ಲರೂ ಇದನ್ನು ದೊಡ್ಡ ಉಪಕಾರ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಂಜೆಯಾಗುವ ಮುಂಚೆ ಊರು ಸೇರಬೇಕು, ಇಲ್ಲದಿದ್ದರೆ ಕಾಡಿನಲ್ಲಿ ಕತ್ತಲಾಗುತ್ತದೆ ಅನ್ನುವ ಲೆಕ್ಕಾಚಾರವೇ ಗ್ರಾನ್ಸಿಸ್‌ನ ಜೀವ. ಆ ಕಲ್ಲು ಅದನ್ನು ಅಳಿಸಿಹಾಕುತ್ತದೆ. ಗ್ರಿಗೋರಿ ಸಾಯುವ ತನಕ ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಆಮೇಲೆ, ದ್ವೀಪಕ್ಕೂ ಗ್ರಾನ್ ಸೊರೆನ್ ಪೇಟೆಗೂ ಓಡಾಟ ಜಾಸ್ತಿಯಾದಾಗ, ಧಾರಾಳವಾಗಿ ಬಳಸಿದೆ.

ಈಗ ಪಾನ್‌ಗಳ ವಿಷಯ. ನಮ್ಮ ಜೊತೆ ಮೂವರು ಸಹಾಯಕರು ಇರುತ್ತಾರೆ. ಒಬ್ಬರನ್ನು ನಾವೇ ರೂಪಿಸುತ್ತೇವೆ, ಉಳಿದಿಬ್ಬರು ಬೇರೆ ಆಟಗಾರರು ರೂಪಿಸಿದವರು. ನಮ್ಮ ಲೆವೆಲ್ಲಿನವರು ಅಥವಾ ಕೆಳಗಿನವರು ಪುಕ್ಕಟೆ, ಮೇಲಿನವರಿಗೆ ರಿಫ್ಟ್ ಕ್ರಿಸ್ಟಲ್ ಎಂಬ ಆಟದೊಳಗಿನ ಹಣ ಕೊಡಬೇಕು. ಬಾಡಿಗೆಗೆ ತಂದವರ ಲೆವೆಲ್ ಏರುವುದಿಲ್ಲ, ಹಾಗಾಗಿ ಆಗಾಗ ಬದಲಾಯಿಸುತ್ತಿರಬೇಕು. ಪಾನ್‌ಗಳು ಬಾಯಿ ಮುಚ್ಚುವುದೇ ಇಲ್ಲ ಅನ್ನುವುದು ಈ ಆಟದ ಬಗ್ಗೆ ಎಲ್ಲರ ದೂರು. ಗ್ರಾನ್ಸಿಸ್‌ನಲ್ಲಿ ಅದು ನಿಜ, ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ದ್ವೀಪದಲ್ಲಿ ಅದೇ ಮಾತು ಜೀವ ಉಳಿಸುತ್ತದೆ. ಅಲ್ಲಿಗೆ ಹಿಂದೆ ಹೋಗಿಬಂದ ಪಾನ್‌ಗೆ ಯಾವ ಮೃಗ ಯಾವುದಕ್ಕೆ ಬಗ್ಗುತ್ತದೆ ಎಂದು ಗೊತ್ತಿರುತ್ತದೆ. ಬಾಡಿಗೆಗೆ ತರುವಾಗ ನಾನು ಅವರ ಬಟ್ಟೆ ನೋಡುತ್ತಿರಲಿಲ್ಲ. ದ್ವೀಪದ ಮೃಗಗಳ ಬಗ್ಗೆ ಎಷ್ಟು ತಿಳಿದಿದೆ ಅನ್ನುವುದನ್ನೇ ನೋಡುತ್ತಿದ್ದೆ.

ಆಟದಲ್ಲಿ ನನ್ನ ವೃತ್ತಿ ರೇಂಜರ್, ಅಂದರೆ ಉದ್ದ ಬಿಲ್ಲು, ಜೊತೆಗೆ ಎರಡು ಚಿಕ್ಕ ಕತ್ತಿ. ನನ್ನ ಪಾನ್ ಸೋರ್ಸರರ್, ಅಂದರೆ ದಾಳಿಯ ಮಂತ್ರವಾದಿ. ಬಾಡಿಗೆಯವರಲ್ಲಿ ಒಬ್ಬರು ಇನ್ನೊಬ್ಬ ಸೋರ್ಸರರ್, ಇನ್ನೊಬ್ಬರು ಮೇಜ್, ಅಂದರೆ ನೆರವಿನ ಮಂತ್ರವಾದಿ. ಇಬ್ಬರು ಸೋರ್ಸರರ್‌ಗಳು ಒಂದೇ ಮಂತ್ರ ಕಲಿತಿದ್ದರೆ ಒಬ್ಬರು ಶುರು ಮಾಡಿದ ಮಂತ್ರಕ್ಕೆ ಇನ್ನೊಬ್ಬರು ಕೈಜೋಡಿಸುತ್ತಾರೆ, ಅದು ಬೇಗ ಮುಗಿಯುತ್ತದೆ. ಹಾಗಾಗಿ ಇಬ್ಬರಿಗೂ ಹೊಂದುವ ಮಂತ್ರಗಳೇ ಇರುವಂತೆ ನೋಡಿಕೊಂಡೆ. ಮೇಜ್‌ಗೆ ಎರಡೇ ಕೆಲಸ: ನಮ್ಮ ಆಯುಧಗಳಿಗೆ ಹೋಲಿ ಅಂದರೆ ಪವಿತ್ರ ಶಕ್ತಿ ಹಚ್ಚುವುದು, ಹೈ ಹ್ಯಾಲಿಡಮ್ ಎಂಬ ಮಂತ್ರದಿಂದ ವಿಷ, ಶಾಪ, ನಿದ್ದೆ ಕಳೆಯುವುದು. ದ್ವೀಪದಲ್ಲಿ ಸತ್ತೆದ್ದ ಪಿಶಾಚಿಗಳ ಕಾಟ ಜಾಸ್ತಿ. ಹೋಲಿ ಇಲ್ಲದೆ ಇಳಿಯುವುದು ಸುಮ್ನೆ ಕಷ್ಟ ತಂದುಕೊಂಡಂತೆ.

ದ್ವೀಪದ ಒಂದು ಹೊಸ ನಿಯಮ ನನಗೆ ತುಂಬಾ ಇಷ್ಟವಾಯಿತು. ಕಾದಾಟ ಮುಗಿದ ಮೇಲೂ ಅಲ್ಲಿ ಎಲ್ಲವೂ ಮುಗಿಯುವುದಿಲ್ಲ. ಹೆಣಗಳ ವಾಸನೆಗೆ ದೊಡ್ಡ ಮೃಗಗಳು ಬರುತ್ತವೆ. ನಾಲ್ಕು ಪುಡಿ ಶತ್ರುಗಳನ್ನು ಕೊಂದು ಉಸಿರು ಬಿಡುವಷ್ಟರಲ್ಲಿ ಗಾರ್ಮ್ ಎಂಬ ದೈತ್ಯ ತೋಳಗಳು ನುಗ್ಗುತ್ತವೆ. ಕೆಲವೊಮ್ಮೆ ಡ್ರ್ಯಾಗನ್ನೇ ಬಂದು ಇಳಿಯುತ್ತದೆ. ಹಾಗಾಗಿ ಗೆದ್ದ ತಕ್ಷಣ ಲೂಟಿ ಎತ್ತಿಕೊಂಡು ಜಾಗ ಖಾಲಿ ಮಾಡುವುದು ರೂಢಿಯಾಯಿತು. ಮೂಲ ಆಟದಲ್ಲಿ ಆಗ್ರ್ ಎಂಬ ರಾಕ್ಷಸ ಹೆಂಗಸರನ್ನು ಕಂಡರೆ ಕೆರಳುತ್ತಿತ್ತು. ದ್ವೀಪದ ಎಲ್ಡರ್ ಆಗ್ರ್ ಗಂಡಸರನ್ನು ಕಂಡರೆ ಕೆರಳುತ್ತದೆ. ಇಷ್ಟು ಸಣ್ಣ ಬದಲಾವಣೆಗೂ ಬಾಡಿಗೆಗೆ ಯಾರನ್ನು ತರಬೇಕು ಅನ್ನುವ ಲೆಕ್ಕವೇ ಬದಲಾಗುತ್ತದೆ ಅಲ್ವಾ?

ಆದರೆ ದ್ವೀಪದ ನಿಜವಾದ ಹೊಸ ಜೀವ ಅಂದರೆ ಡೆತ್, ಸಾಕ್ಷಾತ್ ಸಾವು. ಅದಕ್ಕೆ ಗೊತ್ತಾದ ವೇಳೆಯಿಲ್ಲ. ಖಾಲಿ ಅಂದುಕೊಂಡ ಹಜಾರದಲ್ಲಿ ಮಂಜು ಕವಿಯುತ್ತದೆ, ಕೈಯಲ್ಲಿ ದೀಪ ಮತ್ತು ಉದ್ದ ಕುಡುಗೋಲು ಹಿಡಿದ ಆಕೃತಿ ತೇಲಿ ಬರುತ್ತದೆ. ದೀಪದ ಬೆಳಕಿಗೆ ಸಿಕ್ಕವರು ನಿಂತಲ್ಲೇ ನಿದ್ದೆ ಹೋಗುತ್ತಾರೆ. ಕುಡುಗೋಲು ತಾಗಿದರೆ ಲೆವೆಲ್ ಎಷ್ಟಿದ್ದರೂ ಒಂದೇ ಏಟು. ಮೊದಲ ಸಲ ಕಂಡಾಗ ಎಲ್ಲರೂ ಓಡುತ್ತಾರೆ, ಓಡುವುದೇ ಸರಿ. ಆದರೆ ಅದಕ್ಕೊಂದು ಗುಟ್ಟಿದೆ: ಒಂದು ಭೇಟಿಯಲ್ಲಿ ಮಾಡಿದ ಗಾಯ ಮುಂದಿನ ಭೇಟಿಗೂ ಉಳಿದಿರುತ್ತದೆ. ಒಮ್ಮೆಗೇ ಕೊಲ್ಲಬೇಕಾಗಿಲ್ಲ.

ಇದು ಗೊತ್ತಾದ ಮೇಲೆ ನನ್ನ ಆಟವೇ ಬದಲಾಯಿತು. ದ್ವೀಪದ ಫರ್ಗಾಟನ್ ಹಾಲ್ ಎಂಬ ಹಜಾರದಲ್ಲಿ ಮಂಜು ಕಂಡ ಕೂಡಲೇ ಪಾನ್‌ಗಳನ್ನು ನನ್ನ ಹತ್ತಿರಕ್ಕೆ ಕರೆದುಕೊಂಡು ಕಂಬಗಳ ಹಿಂದೆ ಸರಿದೆ. ದೀಪ ಎತ್ತುವಾಗ ಅದು ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣಕ್ಕೆ ಕಾದು ಟೆನ್‌ಫೋಲ್ಡ್ ಫ್ಲರಿ ಬಿಡುವುದು, ಅಂದರೆ ಒಂದೇ ಎಳೆತಕ್ಕೆ ಹತ್ತು ಬಾಣ, ಅದೂ ಸಿಡಿಯುವ ಬ್ಲಾಸ್ಟ್ ಬಾಣ. ಬಿಟ್ಟು ಮತ್ತೆ ಓಡುವುದು. ಸ್ಟ್ಯಾಮಿನಾ ಬರಿದಾದರೆ ಕಥೆ ಮುಗಿಯಿತು, ಹಾಗಾಗಿ ಚೀಲದಲ್ಲಿ ಅಣಬೆ ಮತ್ತು ಸ್ವಲ್ಪ ಹೊತ್ತು ಸ್ಟ್ಯಾಮಿನಾ ಇಳಿಯದಂತೆ ಮಾಡುವ ಲಿಕ್ವಿಡ್ ವಿಮ್. ಬ್ಲಾಸ್ಟ್ ಬಾಣ ಜಾಸ್ತಿ ಹೊತ್ತರೆ ಓಟ ನಿಧಾನ, ಕಡಿಮೆ ಹೊತ್ತರೆ ಗಾಯ ಸಾಲದು. ಮಿಕ್ಕ ಬಾಣಗಳನ್ನು ಪಾನ್ ಹೆಗಲಿಗೆ ಹಾಕಿದ್ದೆ. ಆದರೆ ಪಾನ್ ಸತ್ತರೆ ಆ ಕಾದಾಟಕ್ಕೆ ಬಾಣ ಸಿಗುವುದಿಲ್ಲ. ನೋಡಿ, ತೂಕದ ನಿಯಮ ಇಲ್ಲಿ ಬಂದು ಮೈಮುರಿದು ಎದ್ದಿತು. ಡೆತ್ ಹಲವು ಭೇಟಿಗಳ ನಂತರ ಬಿದ್ದಾಗ ಬಂದ ಅನುಭವದ ಅಂಕಗಳು ನನ್ನ ಲೆವೆಲ್ಲನ್ನು ಸರಸರ ಏರಿಸಿದವು.

ಲೂಟಿಯ ವ್ಯವಸ್ಥೆಯೂ ಹೊಸದು. ದ್ವೀಪದಲ್ಲಿ ಸಿಗುವ ಒಳ್ಳೇ ವಸ್ತುಗಳು ಶಾಪ ಹಿಡಿದವು. ಬಿಟರ್‌ಬ್ಲ್ಯಾಕ್ ಆಯುಧ, ಕವಚ, ನಾವೆಲ್ಟಿ (ಇತರೆ ಸಾಮಾನು) ಹೀಗೆ ಬಗೆಬಗೆ, ಒಂದೊಂದರಲ್ಲೂ ಮೂರು ಹಂತ. ರಿಫ್ಟ್ ಕ್ರಿಸ್ಟಲ್ ಕೊಟ್ಟರೆ ಓಲ್ರಾ ಶಾಪ ಬಿಡಿಸುತ್ತಾಳೆ. ಒಳಗಿಂದ ಏನು ಬರುತ್ತದೆ ಅನ್ನುವುದು ಅದೃಷ್ಟ. ಬಹಳ ಜನ ಸೇವ್ ಮಾಡಿ, ಶಾಪ ಬಿಡಿಸಿ, ಬೇಡದ್ದು ಬಂದರೆ ಮತ್ತೆ ಲೋಡ್ ಮಾಡುತ್ತಾರೆ. ನಾನು ಆ ದಾರಿ ಹಿಡಿಯಲಿಲ್ಲ. ಬಂದದ್ದನ್ನು ಬಳಸುತ್ತಾ ಹೋದರೆ ಎಂದೂ ಮುಟ್ಟದ ಆಯುಧಗಳನ್ನೂ ಹಿಡಿಯಬೇಕಾಗುತ್ತದೆ, ಅದರಲ್ಲಿ ಬೇರೆಯೇ ಸುಖವಿದೆ. ನನಗೆ ಮ್ಯಾಜಿಕ್ ಆರ್ಚರ್ ಎಂಬ ವೃತ್ತಿಯಲ್ಲಿ ಆಡುವ ಮನಸ್ಸು ಬಂದದ್ದೇ ಹೀಗೆ ಸಿಕ್ಕ ಒಂದು ಬಿಲ್ಲಿನಿಂದ. ರಿಫ್ಟ್ ಕ್ರಿಸ್ಟಲ್ ಮುಖ್ಯವಾಗಿ ಬರುವುದು ನಮ್ಮ ಪಾನ್ ಅನ್ನು ಬೇರೆಯವರು ಬಾಡಿಗೆಗೆ ಒಯ್ದಾಗ. ಅಂದರೆ ನಮ್ಮ ಪಾನ್ ಚೆನ್ನಾಗಿ ಕಲಿತಿದ್ದರೆ ನಮಗೇ ಲಾಭ. ಹಳೇ ಆಟದಲ್ಲಿ ಈ ಕ್ರಿಸ್ಟಲ್‌ಗೆ ಅಷ್ಟು ಬೆಲೆಯೇ ಇರಲಿಲ್ಲ.

ನಾವೆಲ್ಟಿಗಳಿಂದ ಕೆಲವು ಉಂಗುರಗಳೂ ಬರುತ್ತವೆ. ತೊಟ್ಟರೆ ಕೆಲವು ಕೌಶಲಗಳು ಮೂರನೇ ಹಂತಕ್ಕೆ ಏರುತ್ತವೆ. ಮೂಲ ಆಟದಲ್ಲಿ ಎರಡೇ ಹಂತ. ಸ್ಟ್ರೈಡರ್ ಎಂಬ ವೃತ್ತಿಯ ಮೂರು ಬಾಣದ ಕೌಶಲ ಎರಡನೇ ಹಂತದಲ್ಲಿ ಐದಾಗುತ್ತದೆ, ಉಂಗುರವಿದ್ದರೆ ಎಂಟು. ನನ್ನ ಪಾನ್‌ಗೆ ಸಿಕ್ಕದ್ದು ಸುಂಟರಗಾಳಿ ಎಬ್ಬಿಸುವ ಮಂತ್ರದ ಉಂಗುರ. ಅದರ ಮೂರನೇ ಹಂತವಾದ ಗ್ರ್ಯಾಂಡ್ ಮೇಲ್‌ಸ್ಟ್ರಾಮ್ ಮೊದಲ ಸಲ ಎದ್ದಾಗ ಪರದೆ ತುಂಬಾ ಗಾಳಿಯೇ. ಬ್ಯಾರಕ್ ಎಂಬ ವ್ಯಾಪಾರಿ ಆಯುಧಗಳನ್ನು ಬೆಳ್ಳಿ, ಬಂಗಾರದ ಹಂತಕ್ಕೆ ಹದ ಮಾಡಿಕೊಡುತ್ತಾನೆ. ಅದಕ್ಕೆ ದ್ವೀಪದ ಮೃಗಗಳ ಬಿಡಿಭಾಗಗಳೇ ಬೇಕು.

ಸೇರದೇ ಹೋದದ್ದೂ ಇದೆ. ಆಟದ ಒಂಬತ್ತು ವೃತ್ತಿಗಳು ಹಾಗೇ ಉಳಿದವು, ಹತ್ತನೆಯದು ಬರಲಿಲ್ಲ. ಗ್ರಾನ್ಸಿಸ್‌ನ ರಸ್ತೆಗಳಲ್ಲಿ ಹೊಸ ಜೀವ ತುಂಬಲಿಲ್ಲ. ಮೂಲ ಆಟದ ಶುರುವಿನಲ್ಲಿ ಬರುತ್ತಿದ್ದ ಬಿಝ್ ತಂಡದ ಅಬ್ಬರದ ರಾಕ್ ಹಾಡನ್ನೂ ತೆಗೆದರು, ಆ ಜಾಗಕ್ಕೆ ಮೆಲುದನಿಯ ಹಾಡು ಬಂತು. ಕತ್ತಲ ದ್ವೀಪಕ್ಕೆ ಅದು ಹೊಂದುತ್ತದೆ, ಸರಿ. ಆದರೂ ಹಳೇ ಹಾಡಿನ ಉತ್ಸಾಹ ಬೇರೆ, ಅದನ್ನು ಆಯ್ಕೆಯಾಗಿಯಾದರೂ ಉಳಿಸಬೇಕಿತ್ತು. ಪಿಸಿಯಲ್ಲಿ ಸಿಕ್ಕ ಲಾಭ ಕಣ್ಣಿಗೆ: ಹಳೇ ಕನ್ಸೋಲ್‌ಗಳಲ್ಲಿ ಪರದೆಯ ಮೇಲೂ ಕೆಳಗೂ ಇದ್ದ ಕಪ್ಪು ಪಟ್ಟಿಗಳು ಇಲ್ಲ, ಆಟ ನುಣ್ಣಗೆ ಓಡುತ್ತದೆ.

ದ್ವೀಪದ ತಳದಲ್ಲಿ ಡೈಮನ್ ಇದ್ದಾನೆ. ಅವನೂ ಒಂದು ಕಾಲಕ್ಕೆ ನಮ್ಮ ಹಾಗೇ ಅರಿಸನ್ (ಡ್ರ್ಯಾಗನ್ ಹೃದಯ ಕಿತ್ತುಕೊಂಡ ಮೇಲೂ ಬದುಕಿರುವ ವೀರ) ಆಗಿದ್ದವನು, ಆಶ್ ಎಂದು ಹೆಸರು. ಅವನನ್ನು ಒಮ್ಮೆ ಗೆದ್ದರೆ ದ್ವೀಪ ಮುಗಿಯುವುದಿಲ್ಲ. ಅದೇ ಹಜಾರಗಳಿಗೆ ಇನ್ನೂ ಗಟ್ಟಿ ಮೃಗಗಳು ಬಂದು ಕೂರುತ್ತವೆ, ಪೆಟ್ಟಿಗೆಗಳಲ್ಲಿ ಮೂರನೇ ಹಂತದ ವಸ್ತುಗಳು ಸಿಗತೊಡಗುತ್ತವೆ. ಎರಡನೇ ಸಲ ಡೈಮನ್ ಸತ್ತ ಹಾಗೆ ಮಾಡಿ ಹೊಸ ರೂಪದಲ್ಲಿ ಏಳುತ್ತಾನೆ. ಸುತ್ತಲಿನವರನ್ನು ಒಳಗೆಳೆದುಕೊಳ್ಳುವ ಸುಳಿಯೊಂದನ್ನು ತೆರೆಯುತ್ತಾನೆ, ಪಾನ್‌ಗಳು ಅದರಲ್ಲಿ ಮಾಯವಾಗುತ್ತಾರೆ. ಸುಳಿ ಶುರುವಾಗುವ ಸುಳಿವು ಸಿಕ್ಕ ಕೂಡಲೇ ನಾನು ದೂರ ಓಡುತ್ತಿದ್ದೆ, ಪಾನ್‌ಗಳನ್ನೂ ಕೂಗಿ ಕರೆಯುತ್ತಿದ್ದೆ. ಅವರು ಉಳಿದರೆ ಹೋಲಿ ಶಕ್ತಿ ಉಳಿಯುತ್ತದೆ. ಆ ಹೊತ್ತಿಗೆ ಲಿಕ್ವಿಡ್ ವಿಮ್ ಕುಡಿದು ಅವನ ತಲೆಗೆ ಗುರಿಯಿಟ್ಟು ಬ್ಲಾಸ್ಟ್ ಬಾಣ ಸುರಿಸುವುದೊಂದೇ ಕೆಲಸ. ಈ ಕಾದಾಟಕ್ಕೆ ಬಾಣಗಳನ್ನೆಲ್ಲ ನಾನೇ ಹೊತ್ತಿದ್ದೆ, ಪಾನ್‌ಗಳ ಚೀಲದಲ್ಲಿ ಔಷಧಿ ಮಾತ್ರ.