ಮನೆಯಲ್ಲೇ ಚೀಸ್ ಫಾಂಡ್ಯೂ: ಹುಳಿ ಇರಲಿ, ಉರಿ ಸಣ್ಣದಿರಲಿ

ಕರಗಿಸಿದ ಚೀಸ್ ಪಾತ್ರೆಯನ್ನು ನಡುವೆ ಇಟ್ಟುಕೊಂಡು, ಸುತ್ತ ಕುಳಿತವರೆಲ್ಲ ಬ್ರೆಡ್ ತುಂಡುಗಳನ್ನು ಉದ್ದನೆಯ ಫೋರ್ಕಿಗೆ ಚುಚ್ಚಿ ಅದ್ದಿ ತಿನ್ನುವ ಸ್ವಿಟ್ಜರ್ಲೆಂಡಿನ ತಿನಿಸೇ ಫಾಂಡ್ಯೂ. ವೈನಿನಲ್ಲಿ ಚೀಸ್ ಬೇಯಿಸುವ ವಿಧಾನ 1699ರ ಜ್ಯೂರಿಕ್‌ನ ಅಡುಗೆ ಪುಸ್ತಕವೊಂದರಲ್ಲಿಯೇ ಇದೆ. ಅದು ಇಡೀ ದೇಶದ ತಿನಿಸೆನಿಸಿದ್ದು ಮಾತ್ರ 1930ರ ದಶಕದಲ್ಲಿ ಅಲ್ಲಿನ ಚೀಸ್ ಒಕ್ಕೂಟ ನಡೆಸಿದ ಪ್ರಚಾರದಿಂದ. ಅಲ್ಲಿ ಬಳಸುವ ಗ್ರುಯೇರ್, ವಶೆರಾನ್ ಚೀಸ್‌ಗಳನ್ನು ಹುಡುಕಿಕೊಂಡು ಬೆಳಗಾವಿಯ ಗೃಹಿಣಿಯರು ಅಲೆಯಬೇಕಾಗಿಲ್ಲ.

ನಾಲ್ವರ ಸಂಜೆಯ ತಿನಿಸಿಗೆ 400 ಗ್ರಾಂ ಚೀಸ್ ಸಾಕು. ಅದನ್ನೇ ಊಟವಾಗಿ ಮಾಡುವ ಸ್ವಿಸ್ ಜನರು ತಲೆಗೆ 200 ಗ್ರಾಂ ಲೆಕ್ಕ ಹಿಡಿಯುತ್ತಾರೆ. ನಮ್ಮ ದೇಶದಲ್ಲೇ ತಯಾರಾದ ಗೌಡಾ, ಎಮೆಂಟಲ್ ಚೀಸ್‌ಗಳನ್ನು ಸಮಪಾಲಾಗಿ ಬೆರೆಸಬಹುದು. ಪೊಟ್ಟಣದ ಪ್ರೊಸೆಸ್ಡ್ ಚೀಸ್‌ನಲ್ಲಿ ಕೊಬ್ಬು ಬೇರ್ಪಡದಂತೆ ತಡೆಯುವ ಲವಣಗಳು ಮೊದಲೇ ಇರುವುದರಿಂದ, ಹೊಸದಾಗಿ ಮಾಡುವವರು ಅದನ್ನು ಕಾಲು ಭಾಗ ಸೇರಿಸಿದರೆ ಧೈರ್ಯವಿರುತ್ತದೆ. ಪೂರ್ತಿ ಅದನ್ನೇ ಹಾಕಿದರೆ ಬರೀ ಉಪ್ಪುಪ್ಪಾಗಿ, ಚೀಸ್‌ನ ಸ್ವಾದವೇ ಸಿಗುವುದಿಲ್ಲ. ಕಾಯಿಸಿದ ಹಾಲನ್ನು ಹುಳಿಯಿಂದ ಒಡೆದು ಮಾಡಿದ ಪನ್ನೀರು ಎಷ್ಟು ಕಾಯಿಸಿದರೂ ಮೆತ್ತಗಾಗುತ್ತದೆಯೇ ಹೊರತು ಕರಗುವುದಿಲ್ಲ. ಕೆಲವು ಚೀಸ್‌ಗಳಿಗೆ ಹಾಲನ್ನು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸುತ್ತಾರಾದ್ದರಿಂದ, ಸಸ್ಯಾಹಾರಿಗಳು ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿಯೇ ಕೊಳ್ಳಬೇಕು.

ಪಾತ್ರೆ ದಪ್ಪ ತಳದ್ದಾಗಿರಬೇಕು. ಸ್ವಿಸ್ ಮನೆಗಳಲ್ಲಿ ಒಳಗೆ ಮೆರುಗು ಕೊಟ್ಟ ಮಣ್ಣಿನ ಪಾತ್ರೆ ಬಳಸುತ್ತಾರೆ. ಕುಂಬಾರಿಕೆಗೆ ಹೆಸರಾದ ಖಾನಾಪುರ ನಮ್ಮ ಮಗ್ಗುಲಲ್ಲೇ ಇರುವಾಗ ಮಣ್ಣಿನ ಪಾತ್ರೆಗೆ ಬರವೇನಿಲ್ಲ. ಆದರೆ ಅದು ಅಡುಗೆಗೆಂದೇ ಮಾಡಿದ್ದು, ಒಲೆಯ ಮೇಲೆ ಇಡುವಂಥದ್ದು ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಬೀಡಿನ ಪಾತ್ರೆಯೂ ನಡೆಯುತ್ತದೆ.

ಚೀಸನ್ನು ಕಿಸಣಿಯಲ್ಲಿ ತುರಿದು, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಬೆರೆಸಿ, ಹಿಟ್ಟು ಎಲ್ಲ ಎಳೆಗಳಿಗೂ ಹತ್ತುವಂತೆ ಕೈಯಾಡಿಸಬೇಕು. ಬೆಳ್ಳುಳ್ಳಿಯ ಎಸಳೊಂದನ್ನು ಸೀಳಿ ಪಾತ್ರೆಯ ಒಳಗೆಲ್ಲ ಉಜ್ಜಬೇಕು. ಬೆಳ್ಳುಳ್ಳಿ ತಿನ್ನದ ಜೈನರ ಮನೆಗಳಲ್ಲಿ ಇದನ್ನು ಬಿಟ್ಟರೆ ಕೆಡುವುದೇನಿಲ್ಲ. ನಂತರ ಸಿಹಿಯಿಲ್ಲದ ಬಿಳಿ ವೈನ್ 200 ಮಿಲಿ ಲೀಟರ್ ಹಾಕಿ ಕಾಯಿಸಬೇಕು. ವೈನ್ ಬೇಡವೆನ್ನುವವರು 170 ಮಿಲಿ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ನಿಂಬೆರಸ ಬೆರೆಸಿಕೊಳ್ಳಬಹುದು. ಹುಳಿಯನ್ನು ಮಾತ್ರ ಬಿಡುವಂತಿಲ್ಲ. ಚೀಸ್‌ನ ಪ್ರೋಟೀನ್ ಎಳೆಗಳನ್ನು ಒಂದಕ್ಕೊಂದು ಬಿಗಿದಿರುವ ಕ್ಯಾಲ್ಸಿಯಂ ಅನ್ನು ವೈನಿನ ಅಥವಾ ನಿಂಬೆಯ ಆಮ್ಲ ಹಿಡಿದುಕೊಳ್ಳುವುದರಿಂದ ಎಳೆಗಳು ಸಡಿಲಾಗಿ ಹರಿಯುತ್ತವೆ. ಹುಳಿ ಇಲ್ಲದಿದ್ದರೆ ಕೆಳಗೆ ರಬ್ಬರಿನಂಥ ಉಂಡೆ, ಮೇಲೆ ಎಣ್ಣೆ ಉಳಿಯುತ್ತದೆ.

ದ್ರವದಿಂದ ಹಬೆಯಾಡತೊಡಗಿದಾಗ ಉರಿ ಸಣ್ಣದು ಮಾಡಿ, ಚೀಸನ್ನು ಒಂದೊಂದೇ ಹಿಡಿಯಷ್ಟು ಹಾಕುತ್ತ, ಹಿಂದಿನದು ಕರಗಿದ ಮೇಲಷ್ಟೇ ಮುಂದಿನದನ್ನು ಸೇರಿಸಬೇಕು. ಕಟ್ಟಿಗೆಯ ಚಮಚವನ್ನು ಸುತ್ತ ತಿರುಗಿಸದೆ ಅಡ್ಡಡ್ಡ ಆಡಿಸಿದರೆ ಚೀಸ್ ನಡುವೆ ಮುದ್ದೆಗಟ್ಟುವುದಿಲ್ಲ. ಕುದಿ ಬರಲೇಬಾರದು. ಕೊನೆಗೆ ಕರಿಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ ಸಾಕು, ಉಪ್ಪು ಬೇಡ. ಅಷ್ಟಾಗಿಯೂ ಎಣ್ಣೆ ಬಿಟ್ಟರೆ, ಒಂದು ಸಣ್ಣ ಚಮಚ ಕಾರ್ನ್‌ಫ್ಲೋರನ್ನು ನಿಂಬೆರಸದಲ್ಲಿ ಕಲಸಿ ಹಾಕಿ ಜೋರಾಗಿ ಕಲಕಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಗಟ್ಟಿಯಾದರೆ ಬಿಸಿ ನೀರನ್ನು ಸ್ವಲ್ಪವೇ ಸೇರಿಸಬೇಕು.

ಅದ್ದಲು ಹಿಂದಿನ ದಿನದ ಪಾವ್ ಅಥವಾ ಗಟ್ಟಿ ಬ್ರೆಡ್ಡೇ ಒಳ್ಳೆಯದು. ತಾಜಾ ಬ್ರೆಡ್ ಪಾತ್ರೆಯಲ್ಲೇ ಉದುರುತ್ತದೆ. ಪ್ರತಿ ತುಂಡಿಗೂ ಹೊರಪದರವಿರುವಂತೆ ಕತ್ತರಿಸಿ, ಫೋರ್ಕನ್ನು ಮೆತ್ತನೆಯ ಕಡೆಯಿಂದ ಚುಚ್ಚಿ ಹೊರಪದರಕ್ಕೆ ನಾಟಿಸಬೇಕು. ಬೇಯಿಸಿದ ಆಲೂಗಡ್ಡೆಯಂತೆಯೇ ಬೆಳಗಾವಿ ಸೀಮೆಯ ಗೆಣಸೂ ಚೀಸ್‌ನ ಉಪ್ಪಿಗೆ ಚೆನ್ನಾಗಿ ಹೊಂದುತ್ತದೆ. ಕಡಕ್ ಜೋಳದ ರೊಟ್ಟಿ ಫೋರ್ಕಿಗೆ ನಿಲ್ಲದು, ಕೈಯಲ್ಲೇ ಮುರಿದು ಅದ್ದಬೇಕು. ನಡುನಡುವೆ ಬಾಯಿ ಹಗುರಾಗಲು ವಿಜಯಪುರದ ಹಸಿ ದ್ರಾಕ್ಷಿ ಇರಲಿ. ನಮ್ಮ ಖಾರದ ಉಪ್ಪಿನಕಾಯಿ ಮಾತ್ರ ಚೀಸ್‌ನ ರುಚಿಯನ್ನೇ ನುಂಗಿಬಿಡುತ್ತದೆ.

ತಿನ್ನುವಾಗ ಪಾತ್ರೆಯ ಕೆಳಗೆ ಸಣ್ಣ ಜ್ವಾಲೆ ಇರಬೇಕು; ಸ್ಪಿರಿಟ್ ದೀಪವಾದರೆ ಉರಿಯುತ್ತಿರುವಾಗ ಸ್ಪಿರಿಟ್ ಸುರಿಯಬಾರದು. ಕೊನೆಯಲ್ಲಿ ತಳಕ್ಕೆ ಹತ್ತಿದ ಗರಿಗರಿ ಪದರವನ್ನು ಕೆರೆದು ಹಂಚಿಕೊಂಡ ಮೇಲೆ, ಪಾತ್ರೆ ಆರುವವರೆಗೆ ಬಿಟ್ಟು ತಣ್ಣೀರಿನಲ್ಲಿ ನೆನೆಹಾಕಬೇಕು. ಬಿಸಿನೀರು ಹಾಕಿದರೆ ಚೀಸ್ ಇನ್ನಷ್ಟು ಅಂಟಿಕೊಳ್ಳುತ್ತದೆ.